ಎಂಜಲು ಬೇಡಪ್ಪ

ಚಿಂತಾಮಣಿಯ ಹಳೆಯ ಪುಸ್ತಕಗಳ ಸಂಗ್ರಹಾಲಯವನ್ನು ಆಗ ನೋಡಿಕೊಳ್ಳುತ್ತಿದ್ದವರು ಒಬ್ಬ ನಿವೃತ್ತ ಮೇಡಂ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ತಾಳೆಗರಿಗಳಿಗೆ ಎಣ್ಣೆ ಸವರುತ್ತಿದ್ದರೂ ಅವರ ಕಣ್ಣು ಬಂದವರ ಬೆರಳಿನ ಮೇಲೆಯೇ ಇರುತ್ತಿತ್ತು. ಅಂಬಾಜಿದುರ್ಗದ ಬೆಟ್ಟ ಹತ್ತಿಳಿದು ಬಂದ ಹುಡುಗರಾಗಲಿ, ದೊಡ್ಡ ಅಧಿಕಾರಿಯಾಗಲಿ, ಪುಟ ತಿರುಗಿಸಲೆಂದು ಬೆರಳು ತುಟಿಯತ್ತ ಹೊರಟರೆ ಕೂತಲ್ಲಿಂದಲೇ ಹೇಳುತ್ತಿದ್ದರು: “ಎಂಜ್ಲು ಬೇಡಪ್ಪ.” ಮದನಪಲ್ಲಿ ಕಡೆಯವರಿಗೆ ಅದನ್ನೇ ತೆಲುಗಿನಲ್ಲಿ ಹೇಳುತ್ತಿದ್ದರು.

ನಾನು ಅಲ್ಲಿಗೆ ಹೋಗುತ್ತಿದ್ದುದು ಓದುವುದಕ್ಕಲ್ಲ. ನನ್ನ ಕವನ ಸಂಕಲನವನ್ನು ಅಲ್ಲಿನ ಗಾಜಿನ ಬೀರುವಿನೊಳಗೆ ಸೇರಿಸುವ ಆಸೆಗೆ. ಅವರನ್ನು ಒಲಿಸಿಕೊಳ್ಳಲು ಒಂದು ದಿನ, ಹಳೆಯ ಪುಸ್ತಕಗಳನ್ನು ಕಾಪಾಡುವುದು ಹೇಗೆಂದು ಉಪನ್ಯಾಸವನ್ನೇ ಶುರು ಮಾಡಿದೆ. ಮಾತಿನ ಭರದಲ್ಲಿ ಬೆರಳು ನೆಕ್ಕಿ, ಮೇಜಿನ ಮೇಲಿದ್ದ ನೂರು ವರ್ಷ ಹಳೆಯ ಪಂಚಾಂಗಕ್ಕೆ ಕೈ ಹಾಕಿದ್ದೆ. ಮೇಡಂ ನನ್ನ ಮಣಿಕಟ್ಟು ಹಿಡಿದು, ಒದ್ದೆ ಬೆರಳನ್ನು ಸೆರಗಿನಿಂದ ಒರೆಸಿ, ಮಗುವಿನ ಕೈ ಬಿಡುವ ಹಾಗೆ ಬಿಟ್ಟರು. ಬೈಯಲೂ ಇಲ್ಲ.

ಅಷ್ಟಾದರೂ ನಾಚಿಕೆಯಿಲ್ಲದೆ ಚೀಲದಿಂದ ನನ್ನ ಪುಸ್ತಕ ತೆಗೆದುಕೊಟ್ಟೆ. ಅವರು ಕನ್ನಡಕ ಏರಿಸಿ, ಬೆರಳನ್ನು ನಾಲಿಗೆಗೆ ಮುಟ್ಟಿಸಿ, ಸರಸರನೆ ಪುಟ ತಿರುವತೊಡಗಿದರು.

“ಅಮ್ಮಾ, ಎಂಜಲು?” ಎಂದೆ.

“ಇದಕ್ಕೇನಾಗುತ್ತಪ್ಪ? ಹಾಳಾದ್ರೆ ಅಂಗಡೀಲಿ ಇನ್ನೊಂದು ಸಿಗುತ್ತೆ.”

ನಿಜ ಹೇಳಬೇಕೆಂದರೆ ಅದು ಯಾವ ಅಂಗಡಿಯಲ್ಲೂ ಸಿಗುತ್ತಿರಲಿಲ್ಲ. ಉಳಿದ ಪ್ರತಿಗಳೆಲ್ಲ ನನ್ನ ಮಂಚದ ಕೆಳಗಿದ್ದವು. ಆ ಲೆಕ್ಕದಲ್ಲಿ ನನ್ನದೂ ಅಪರೂಪದ ಪುಸ್ತಕವೇ ಎಂದು ವಾದಿಸಬಹುದಿತ್ತು.