ಹಟ್ಟಿಯ ಹೊರಗೆ ನಿಂತ ಕ್ಯಾಂಪರ್ ವ್ಯಾನ್

ಚಿತ್ರದುರ್ಗದ ಹೊಳಲ್ಕೆರೆ ರಸ್ತೆಯಲ್ಲಿ, ಟೈರ್ ಅಂಗಡಿಯೊಂದರ ಪಕ್ಕ, ಒಳಗೇ ಅಡುಗೆ ಮಾಡಿಕೊಂಡು ಮಲಗಬಹುದಾದ ಕ್ಯಾಂಪರ್ ವ್ಯಾನ್ ಬಾಡಿಗೆಗೆ ಕೊಡುವ ಆಫೀಸಿತ್ತು. ಒಳಗಿನ ಗೋಡೆಗೆ ಏಳು ನಿಯಮಗಳ ಬೋರ್ಡು ಹಾಕಿದ್ದರು. ನವೆಂಬರಿನ ಒಂದು ಬೆಳಿಗ್ಗೆ ಲತಾ ಅದನ್ನು ಮೇಲಿಂದ ಕೆಳಗೆ ಎರಡು ಸಲ ಓದಿದಳು. ಓಡಿಸುವವರಿಗೆ ಇಪ್ಪತ್ತೈದು ವರ್ಷ ತುಂಬಿರಬೇಕು, ಅವಳಿಗೆ ಮೂವತ್ತೊಂದು. ಮೂಲ ಲೈಸೆನ್ಸ್ ತೋರಿಸಬೇಕು, ಜೆರಾಕ್ಸ್ ನಡೆಯುವುದಿಲ್ಲ, ಕೈಯಲ್ಲೇ ಇತ್ತು. ಅವಧಿ ಮುಗಿದಿರಬಾರದು, ಇನ್ನೂ ಎಂಟು ವರ್ಷ ಇತ್ತು. ಲಘು ಮೋಟಾರು ವಾಹನದ ಲೈಸೆನ್ಸ್ ಸಿಕ್ಕಿ ಕನಿಷ್ಠ ಮೂರು ವರ್ಷ ಆಗಿರಬೇಕು. ಇದೂ ಸರಿ ಎಂದುಕೊಂಡು ಕಾರ್ಡನ್ನು ಕೌಂಟರಿನ ಮೇಲಿಟ್ಟಳು.

ಗುಮಾಸ್ತ ನಾಗರಾಜ್ ಕಾರ್ಡಿನ ಮೇಲೆ ಕಣ್ಣಾಡಿಸಿ ವಾಪಸು ತಳ್ಳಿದ.

"ಆಗಲ್ಲ ಮೇಡಂ. ಇಪ್ಪತ್ಮೂರರಲ್ಲಿ ಕೊಟ್ಟಿರೋ ಕಾರ್ಡು. ಎರಡೇ ವರ್ಷ ಆಗೈತೆ."

"ಅದು ಕಾರ್ಡು ಮಾಡಿಸಿದ ತಾರೀಕು. ತಿರುವಿ ಹಾಕ್ರಿ, ಹಿಂದ್ಗಡೆ ನೋಡ್ರಿ."

"ಮುಂದಗಡೆ ಕಾಣ್ತೈತಲ್ಲ."

"ನಾನು ಹಿಂದ್ಗಡೆ ನೋಡ್ರಿ ಅಂದೆ."

ನಾಗರಾಜ್ ಕಾರ್ಡು ತಿರುಗಿಸಿದ. ವಾಹನದ ವರ್ಗದ ಎದುರು, ಅಕ್ಕಿಕಾಳಿಗಿಂತ ಸಣ್ಣ ಅಕ್ಷರದಲ್ಲಿ, ಆ ವರ್ಗಕ್ಕೆ ಮೊದಲು ಅನುಮತಿ ಸಿಕ್ಕ ದಿನ ಇತ್ತು: 2013ರ ಆಗಸ್ಟ್. ಹನ್ನೆರಡು ವರ್ಷ. ಅವನು ಅದನ್ನು ಓದಿದ, ಆದರೂ ಕಾರ್ಡು ಕೈಗೆತ್ತಿಕೊಳ್ಳಲಿಲ್ಲ.

"ಮತ್ತೆ ಇದು ಬಾಡಿಗೆ ಗಾಡಿ. ಟ್ಯಾಕ್ಸಿ ಡ್ರೈವರ್ ಬ್ಯಾಡ್ಜ್ ಬೇಕಾಗ್ತದೆ."

"ಬೋರ್ಡಿನಾಗೆ ಎಲ್ಲೈತೆ? ನೀವೇ ಕಪ್ಪು ನಂಬರ್ ಪ್ಲೇಟು ಹಾಕಿರೋದು, ಬಾಡಿಗೆಗೆ ತಗಂಡೋರೇ ಓಡಿಸ್ಲಿ ಅಂತ. ಗಾಡಿ ಒಟ್ಟು ತೂಕ ಮೂರೂವರೆ ಟನ್ನು, ಬಾಗಿಲ ಮೇಲೆ ಬರ್ದೈತೆ. ಏಳೂವರೆ ಟನ್ನಿನ ತನಕ ಇದೇ ಕಾರ್ಡು ಸಾಕು."

ನಾಗರಾಜ್ ಪೆನ್ನು ತಿರುಗಿಸುತ್ತ ಕೂತ. ಕೊನೆಗೆ ಒಳಗಿದ್ದದ್ದು ಹೊರಗೆ ಬಂತು. "ಯಜಮಾನ್ರು ಬರ್ಲಿಲ್ವಾ? ಗಂಡಸರು ಯಾರಾದ್ರೂ ಬಂದು ಸೈನ್ ಹಾಕಿದ್ರೆ..."

"ಏಳು ನಿಯಮದಾಗೆ ಅದು ಎಷ್ಟನೇದು?"

ಲತಾಳ ಧ್ವನಿ ಏರಲಿಲ್ಲ. ನಾಳೆ ಬೆಳಿಗ್ಗೆ ಹತ್ತಕ್ಕೆ ಹಿರಿಯೂರಿನ ಆಸ್ಪತ್ರೆಯಿಂದ ತಂಗಿ ರಂಜಿತಾಳನ್ನೂ ನಾಲ್ಕು ದಿನದ ಹೆಣ್ಣುಮಗುವನ್ನೂ ಕಳಿಸುತ್ತಾರೆ. ಅಷ್ಟರಲ್ಲಿ ಈ ವ್ಯಾನು ಸಿಗದಿದ್ದರೆ ತಾಯಿ ಮಗು ಇಬ್ಬರೂ ಹೋಗುವುದು ಹಟ್ಟಿಯ ಹೊರಗಿನ ಗುಡ್ಲಿಗೆ.

ಅವರ ಹಟ್ಟಿ ಧರ್ಮಪುರದಿಂದ ಆರು ಕಿಲೋಮೀಟರ್ ಆಚೆ. ನಲವತ್ತು ಮನೆ, ಸುತ್ತ ಜಾಲಿಮುಳ್ಳಿನ ಬೇಲಿ, ಮಧ್ಯೆ ದೇವರ ಗುಡಿ. ಹೆತ್ತ ಹೆಂಗಸು ಸೂತಕವೆಂದು ಇಪ್ಪತ್ತೊಂದು ದಿನ ಬೇಲಿಯೊಳಗೆ ಕಾಲಿಡುವಂತಿಲ್ಲ, ಯಾವ ಮನೆಯ ಹೊಸ್ತಿಲನ್ನೂ ದಾಟುವಂತಿಲ್ಲ. ಬೇಲಿಯಾಚೆ ತೆಂಗಿನ ಗರಿಯಲ್ಲೊಂದು ಗುಡ್ಲು ಹಾಕಿಕೊಡುತ್ತಾರೆ. ಎತ್ತರ ನಾಲ್ಕಡಿ, ಉದ್ದ ಆರಡಿ. ಊಟವನ್ನು ದೂರದ ಕಲ್ಲಿನ ಮೇಲಿಟ್ಟು ಹೋಗುತ್ತಾರೆ. ಇಪ್ಪತ್ತೊಂದನೆಯ ದಿನ ಒಳಗಿದ್ದ ಚಾಪೆ, ಬಟ್ಟೆ, ಚೀಲ ಎಲ್ಲವನ್ನೂ ಗುಡ್ಲಿನ ಜೊತೆಗೇ ಸುಡುತ್ತಾರೆ.

ಲತಾಳ ಕಾರ್ಡಿನ ಮುಂಬದಿಯಲ್ಲಿ 2023 ಬಂದದ್ದು ಹಾಗೆ. ಅವಳ ಮಗ ಹುಟ್ಟಿದಾಗ ಅವಳೂ ಗುಡ್ಲಿನಲ್ಲಿದ್ದಳು. ಲೈಸೆನ್ಸ್ ಕಳೆದುಹೋಗದಿರಲಿ ಎಂದು ಚಾಪೆಯ ಮಡಿಕೆಯೊಳಗೆ ಸಿಕ್ಕಿಸಿಟ್ಟಿದ್ದಳು. ಹದಿನಾರನೆಯ ದಿನ ಮಗುವಿಗೆ ಉಸಿರು ಕಟ್ಟಿತು. ಅವಳು ಮಗುವನ್ನು ಎತ್ತಿಕೊಂಡು ರಸ್ತೆಗೆ ಓಡಿದಳು, ಹಿಂದಕ್ಕೆ ನೋಡಲಿಲ್ಲ. ಹಿರಿಯೂರಿನ ಆಸ್ಪತ್ರೆಯಲ್ಲಿ ಹನ್ನೊಂದು ದಿನ ಕಳೆದು ಮಗು ಉಳಿಯಿತು. ಇತ್ತ ಲತಾಳ ತಾಯಿ ಜುಂಜಮ್ಮ ದಿನ ಲೆಕ್ಕ ಹಾಕಿ, ಇಪ್ಪತ್ತೊಂದಕ್ಕೆ ಸರಿಯಾಗಿ, ಗುಡ್ಲಿಗೆ ಬೆಂಕಿ ಇಟ್ಟಿದ್ದಳು. ಚಾಪೆಯನ್ನು ಬಿಚ್ಚಿ ನೋಡಬೇಕೆಂದು ಅವಳಿಗೆ ಹೊಳೆದಿರಲಿಲ್ಲ, ಬಿಚ್ಚಬೇಕಾದರೆ ಮುಟ್ಟಬೇಕಿತ್ತು.

ಕಾರ್ಡು ಸುಟ್ಟು ಹೊಸದು ಮಾಡಿಸಬೇಕಾಗಿ ಬಂದದ್ದಕ್ಕೆ ಲತಾ ಅಷ್ಟಾಗಿ ಸಿಟ್ಟಾಗಿರಲಿಲ್ಲ. ಅವಳ ಹೊಟ್ಟೆಯಲ್ಲಿ ಆರದೆ ಉಳಿದ ಕೆಂಡ ಬೇರೆಯದು. ಹತ್ತೊಂಬತ್ತನೆಯ ವಯಸ್ಸಿಗೆ ಅಪ್ಪ ತೀರಿಕೊಂಡ ಮೇಲೆ ಅವಳು ಟೆಂಪೋ ಕಲಿತಳು. ಕುರಿಮಂದೆ ಹೊಸದುರ್ಗದ ಕಡೆ, ಮತ್ತೋಡಿನ ಹೊಲಗಳಿಗೆ, ಹೊಳಲ್ಕೆರೆಯ ಕಡೆಗೆ ಹೊರಟಾಗ ಪಾತ್ರೆ, ಕಂಬಳಿ, ಮಂದೆಯ ಸುತ್ತ ಕಟ್ಟುವ ಬಲೆ ಹೊತ್ತುಕೊಂಡು ಹಿಂದೆ ಹೋಗುವುದು ಅವಳ ಟೆಂಪೋ. ದಾರಿಯಲ್ಲಿ ಕುರಿ ಈದರೆ ಮರಿಯನ್ನು ಎಲ್ಲಿಡುತ್ತಾರೆ? ಅವಳ ಕ್ಯಾಬಿನ್ನಿನಲ್ಲಿ, ಕಂಬಳಿ ಸುತ್ತಿ, ಎಂಜಿನ್ ಬಿಸಿ ತಾಗುವ ಜಾಗದಲ್ಲಿ. "ಗಾಳಿ ಬಡೀದಂಗೆ ನೋಡ್ಕಳೇ, ಹಸಿಮೈ ಅದು" ಎಂದು ಗಾಜು ಏರಿಸುವವನು ಅವಳ ಸೋದರಮಾವ, ಹಟ್ಟಿಯ ಹಿರಿಯ ಎತ್ತಪ್ಪ. ಹನ್ನೆರಡು ವರ್ಷದಲ್ಲಿ ಅವಳು ಹಾಗೆ ಬೆಚ್ಚಗೆ ತಂದ ಮರಿಗಳಿಗೆ ಲೆಕ್ಕವಿಲ್ಲ. ಅವಳ ಮಗುವನ್ನು ಗರಿ ಕೆಳಗೆ ಮಲಗಿಸಿದವನೂ ಅದೇ ಎತ್ತಪ್ಪ.

ಆಮೇಲೆ ಅವಳು ಗಂಡ ಶಿವುವಿನ ಜೊತೆ ಹಿರಿಯೂರಿನಲ್ಲೇ ಮನೆ ಮಾಡಿದಳು, ಮಂದೆಯ ಹಿಂದೆ ಟೆಂಪೋ ಓಡಿಸುವುದನ್ನು ಮಾತ್ರ ಬಿಡಲಿಲ್ಲ. ರಂಜಿತಾಳನ್ನೂ ನೇರ ಅಲ್ಲಿಗೆ ಕರೆದೊಯ್ಯಲು ನೋಡಿದಳು. ರಂಜಿತಾಳೇ ಒಪ್ಪಲಿಲ್ಲ. "ನಾಳೆ ಮಂದೆಗೆ ಏನಾರ ಆದ್ರೆ ನನ್ನ ತಲೆಗೇ ಕಟ್ತಾರೆ ಅಕ್ಕ" ಎಂದು ಅತ್ತಳು. ಆಗ ಲತಾಳಿಗೆ ನೆನಪಾದದ್ದು ಮಾರಿಕಣಿವೆ ಅಣೆಕಟ್ಟಿನ ಹತ್ತಿರ ಪ್ರವಾಸಿಗರು ನಿಲ್ಲಿಸಿಕೊಂಡಿದ್ದ ಒಂದು ವ್ಯಾನು. ಒಳಗೆ ಮಂಚ, ಒಲೆ, ನಲ್ಲಿ, ಶೌಚಾಲಯ. ಜುಂಜಮ್ಮ ಬಹಳ ಯೋಚಿಸಿ ಕೇಳಿದ್ದು ಒಂದೇ ಮಾತು: "ಅದಕ್ಕೆ ಹೊಸಲು ಐತಾ?" ಹೊಸ್ತಿಲಿಲ್ಲ, ಚಕ್ರ ಐತೆ ಎಂದಳು ಲತಾ. ಹಾಗಾದರೆ ಅದು ಮನೆಯಲ್ಲ. ಬೇಲಿ ಹೊರಗೆ ಇರಲಿ ಎಂದಳು ಜುಂಜಮ್ಮ.

ಈ ಎಲ್ಲವನ್ನೂ ನಾಗರಾಜನಿಗೆ ಹೇಳುವ ಮನಸ್ಸು ಅವಳಿಗಿರಲಿಲ್ಲ. ಅಷ್ಟರಲ್ಲಿ ಮಾತು ಕೇಳಿ ಮಾಲೀಕ ಮುರುಗೇಶಪ್ಪ ಹೊರಗೆ ಬಂದ. ಅರವತ್ತು ದಾಟಿದ, ಹಣೆಗೆ ವಿಭೂತಿ ಹಚ್ಚಿದ ಮನುಷ್ಯ. ಕಾರ್ಡಿನ ಎರಡೂ ಬದಿ ಓದಿದ.

"ಕುಂತ್ಕಳಮ್ಮ. ಏನು ಓಡಿಸ್ತೀಯ?"

"ಕುರಿ ಟೆಂಪೋ."

"ಇದು ಹತ್ತೊಂಬತ್ತೂವರೆ ಅಡಿ ಉದ್ದ ಐತೆ. ಹಿಂದಿಂದು ಕಾಣಲ್ಲ."

"ಕುರಿ ತುಂಬಿದ್ರೂ ಹಿಂದಿಂದು ಕಾಣಲ್ಲ."

ಮುರುಗೇಶಪ್ಪನಿಗೆ ನಗು ಬಂತು. ಕೀ ಕೊಟ್ಟು, ಅಂಗಳದಿಂದ ಶೆಡ್ಡಿನೊಳಗೆ ಹಿಮ್ಮುಖವಾಗಿ ಬಿಡು ಎಂದ. ಎರಡು ಕಂಬಗಳ ನಡುವೆ ವ್ಯಾನಿನ ಅಗಲಕ್ಕಿಂತ ಎರಡು ಗೇಣು ಹೆಚ್ಚು ಜಾಗವಿತ್ತು. ಲತಾ ಇಳಿದು ಹೋಗಿ, ಎಡಗಡೆ ಒಂದು ಗೇಣು, ಬಲಗಡೆ ಒಂದು ಗೇಣು ಎಂದು ಕೈಯಲ್ಲೇ ಅಳೆದು ಬಂದಳು. ಕನ್ನಡಿ ಸರಿಮಾಡಿಕೊಂಡು ಒಂದೇ ಸಲಕ್ಕೆ ಬಿಟ್ಟಳು.

"ಲೇ ನಾಗರಾಜ, ಹೋದ ವಾರ ಆ ಮೀಸೆ ಬಿಟ್ಟಿದ್ದೋನು ಯಾವ ಕಂಬಕ್ಕೆ ಗುದ್ದಿದ್ದು?" ಎಂದ ಮುರುಗೇಶಪ್ಪ. "ಬರಿಯಪ್ಪ ಕರಾರು."

ವ್ಯಾನು ಹತ್ತು ದಿನಕ್ಕೆ ಮಾತ್ರ ಸಿಗುತ್ತಿತ್ತು. ಹತ್ತನೆಯ ದಿನ ಮಧ್ಯಾಹ್ನ ಎರಡಕ್ಕೆ ವಾಪಸು ತರಬೇಕು, ಆಮೇಲೆ ಬೇರೆಯವರಿಗೆ ಬುಕ್ ಆಗಿದೆ. ಏಳನೆಯ ನಿಯಮವನ್ನು ಮುರುಗೇಶಪ್ಪ ಗಟ್ಟಿಯಾಗಿ ಓದಿ ಹೇಳಿದ: ಕರಾರಿನಲ್ಲಿ ಹೆಸರಿರುವವರ ಹೊರತು ಬೇರೆ ಯಾರೂ ಓಡಿಸುವಂತಿಲ್ಲ, ಓಡಿಸಿದರೆ ವಿಮೆ ಇಲ್ಲ. ಅರ್ಜಿಯಲ್ಲಿ 'ಪ್ರವಾಸದ ಸ್ಥಳ' ಎಂಬಲ್ಲಿ ಲತಾ ಹಟ್ಟಿಯ ಹೆಸರು ಬರೆದಳು.

"ಅಲ್ಲೇನೈತೆ ನೋಡಾಕೆ?" ಎಂದ ನಾಗರಾಜ್.

"ಏನೂ ಇಲ್ಲ. ಅದಕ್ಕೇ ಹೋಗ್ತಿರೋದು."

ಮರುದಿನ ಮಧ್ಯಾಹ್ನ ರಂಜಿತಾಳನ್ನೂ ಮಗುವನ್ನೂ ಹೊತ್ತ ವ್ಯಾನು ಬೇಲಿಯಿಂದ ಮೂವತ್ತು ಹೆಜ್ಜೆ ದೂರದಲ್ಲಿ, ಗಟ್ಟಿ ನೆಲ ನೋಡಿ, ನಿಂತಿತು. ಸಂಜೆಯೊಳಗೆ ಎತ್ತಪ್ಪ ಬಂದ, ಹಿಂದೆ ಟ್ರ್ಯಾಕ್ಟರ್ ತಿಪ್ಪಯ್ಯ.

"ಲತಾ, ಇಲ್ಲಿ ನಿಂತ್ರೆ ಗುಡಿ ಎದುರಿಗೆ ಬೀಳ್ತೈತೆ. ಅತ್ಲಾಗೆ ಹಳ್ಳದ ಕಡೆ ಹಾಕು. ಕೀ ಕೊಡು, ತಿಪ್ಪಯ್ಯ ಓಡಿಸ್ತಾನೆ."

"ಹಳ್ಳದಾಗೆ ಹೂತ್ಕಂತೈತೆ ಮಾವ. ತಿಪ್ಪಯ್ಯಣ್ಣ, ಲೈಸೆನ್ಸ್ ಐತಾ?"

ತಿಪ್ಪಯ್ಯ ಬೀಡಿ ಬಾಯಿಂದ ತೆಗೆದ. "ಹದಿನೆಂಟು ವರ್ಷದಿಂದ ಟ್ರ್ಯಾಕ್ಟರ್ ಹೊಡೀತಿದೀನಿ, ನನ್ನ ಕೇಳ್ತೀಯೇನೇ?"

"ಹದಿನೆಂಟು ವರ್ಷದಿಂದ ಇಲ್ದಂಗೇ ಹೊಡೀತಿದೀಯ ಅಂತ ಗೊತ್ತು. ಇದಕ್ಕೆ ಕಾಗದದಾಗೆ ಹೆಸರಿರೋಳು ನಾನೊಬ್ಳೇ. ಬೇರೆಯೋರು ಮುಟ್ಟಿದ್ರೆ ನಾಳೆ ಮಾಲೀಕ ಬಂದು ನಿನ್ನ ಟ್ರ್ಯಾಕ್ಟರ್ ಕಾಗದನೂ ಕೇಳ್ತಾನೆ."

ತಿಪ್ಪಯ್ಯನಿಗೆ ತಟ್ಟನೆ ಏನೋ ಕೆಲಸ ನೆನಪಾಯಿತು. ವ್ಯಾನು ನಿಂತಲ್ಲೇ ಉಳಿಯಿತು.

ಒಂಬತ್ತು ದಿನ ಲತಾ ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೇ ಮಲಗಿದಳು. ಮಗು ಹಾಲು ಕುಡಿಯಿತು, ಮಲಗಿತು, ಕೆನ್ನೆಗೆ ಬಣ್ಣ ಬಂತು. ಜುಂಜಮ್ಮ ದಿನಕ್ಕೆರಡು ಸಲ ಮುದ್ದೆ ಸಾರು ತಂದು ಹತ್ತು ಹೆಜ್ಜೆ ದೂರದ ಕಲ್ಲಿನ ಮೇಲಿಡುತ್ತಿದ್ದಳು. ಇಟ್ಟವಳು ಹೋಗುತ್ತಿರಲಿಲ್ಲ, ಗಾಜಿನೊಳಗೆ ಮೊಮ್ಮಗಳು ಕಾಣುತ್ತಾಳೇನೋ ಎಂದು ಕತ್ತು ಉದ್ದ ಮಾಡಿ ನಿಲ್ಲುತ್ತಿದ್ದಳು. ಅದನ್ನು ನೋಡಿದಾಗೆಲ್ಲ ಲತಾಳಿಗೆ ಇನ್ನಷ್ಟು ಸಿಟ್ಟು ಬರುತ್ತಿತ್ತು. ಇಷ್ಟು ಆಸೆ ಇರುವವಳು ಹತ್ತು ಹೆಜ್ಜೆ ಯಾಕೆ ಇಡಬಾರದು? ಮಗು ಬೆಚ್ಚಗಿರುವುದನ್ನು ಕಂಡ ಮೇಲೆ ಯಾರೂ ಗುಡ್ಲಿನ ಮಾತೆತ್ತುವುದಿಲ್ಲ ಎಂದು ಅವಳು ಒಳಗೊಳಗೇ ನಂಬಿದ್ದಳು.

ಹತ್ತನೆಯ ದಿನ ಬೆಳಿಗ್ಗೆ ಏಳಕ್ಕೆ ಬಾಗಿಲು ತೆರೆದಾಗ ಬೇವಿನ ಮರದ ಕೆಳಗೆ ಎತ್ತಪ್ಪ ಗರಿ ಕಟ್ಟುತ್ತಿದ್ದ. ನಾಲ್ಕಡಿ ಎತ್ತರ, ಆರಡಿ ಉದ್ದ. ಮೇಲೆ ಹೊಸ ನೀಲಿ ಟಾರ್ಪಾಲು.

"ನಿನ್ನ ಗಾಡಿ ವಾಪಸ್ ಕೊಡಬೇಕಲ್ಲ ಇವತ್ತು," ಎಂದ ಅವನು, ಮುಖ ಎತ್ತದೆ. "ಇನ್ನು ಒಂಬತ್ತು ದಿನ. ಟಾರ್ಪಾಲು ಹಾಕೀನಿ, ಸೋರಲ್ಲ."

ಮೋಸ ಹೋದದ್ದು ತಾನೇ ಎಂದು ಲತಾಳಿಗೆ ತಿಳಿಯಿತು. ಬೇಲಿ ಹೊರಗೆ ಇರಬೇಕು ಎಂಬ ಮಾತನ್ನು ಒಪ್ಪಿ, ಇಷ್ಟು ದಿನ ಅದನ್ನು ಪಾಲಿಸಿದವಳು ಅವಳೇ.

"ಮಾವ, ಮರಿ ಹಾಕಿದ ಕುರೀನ ಎಲ್ಲಿ ಕಟ್ತೀಯ?"

"ಏನು?"

"ಕುರಿ, ಮಾವ. ಈದ ಕುರಿ. ಎಲ್ಲಿ ಕಟ್ತೀಯ?"

"ಮನೇ ಒಳಗೆ. ಎಲ್ಲಿ ಕಟ್ತಾರೆ ಮತ್ತೆ?"

"ನನ್ನ ಮಗ ಹದಿನಾರನೇ ದಿನ ನೀಲಿ ಆಗಿದ್ದ. ಈ ಟಾರ್ಪಾಲು ನೋಡು, ಇದೇ ನೀಲಿ. ನೀನು ಆವತ್ತೂ ಇಲ್ಲೇ ನಿಂತಿದ್ದೆ. ನನ್ನ ಟೆಂಪೋದಾಗೆ ಮರಿಗೆ ಗಾಜು ಏರಿಸೋನು ನೀನು. ನನ್ನ ಮಗೀಗೆ ಒಂದು ಕಂಬಳಿ ಎಸೀಲಿಲ್ಲ. ನಾನು ಇನ್ನು ನಿನ್ನ ಮಂದೆ ಹಿಂದೆ ಬರಲ್ಲ ಮಾವ. ಮರಿಗಳನ್ನ ನೀನೇ ಹೊತ್ಕಂಡು ನಡಿ."

ಎತ್ತಪ್ಪ ಗರಿ ಕೈಬಿಟ್ಟ. ಮಂದೆ ಮುಂದಿನ ವಾರ ಹೊಸದುರ್ಗದ ಕಡೆ ಹೊರಡಬೇಕಿತ್ತು. ಸುತ್ತಮುತ್ತ ಕುರಿ ತುಂಬುವ ಬೇರೆ ಟೆಂಪೋ ಇರಲಿಲ್ಲ. "ಪದ್ಧತಿ ನಾನು ಮಾಡಿದ್ದಲ್ಲ ಕಣೇ," ಎಂದ.

"ಗುಡ್ಲು ನೀನೇ ಕಟ್ತಿದೀಯಲ್ಲ."

ಹಿಂದಿನಿಂದ ರಂಜಿತಾಳ ಧ್ವನಿ ಬಂತು. ಅವಳು ಮಗುವನ್ನು ಅವಚಿಕೊಂಡು ವ್ಯಾನಿನ ಮೆಟ್ಟಿಲ ಮೇಲೆ ನಿಂತಿದ್ದಳು. ಕಣ್ಣು ಗುಡ್ಲಿನ ಮೇಲಿತ್ತು.

"ಅಕ್ಕ, ನಾನು ಇಳಿಯಲ್ಲ."

"ಮಂದೆಗೆ ಏನಾರ ಆದ್ರೆ?" ಎಂದಳು ಲತಾ. ಕೇಳಲೇಬೇಕಿತ್ತು; ಆಮೇಲೆ ಬಲವಂತ ಮಾಡಿದಳು ಎಂಬ ಮಾತು ಬರಬಾರದು.

"ಬೈತಾರೆ. ಬೈಸ್ಕಂತೀನಿ. ಹೋಗಾಣ."

ಕಲ್ಲಿನ ಹತ್ತಿರ ಜುಂಜಮ್ಮ ಮುದ್ದೆಯ ತಟ್ಟೆ ಹಿಡಿದು ನಿಂತಿದ್ದಳು. ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ತಟ್ಟೆಯನ್ನು ಕಲ್ಲಿನ ಮೇಲಿಟ್ಟು, ತಲೆಯ ಮೇಲಿನ ಕಂಬಳಿ ತೆಗೆದು, ಕಲ್ಲನ್ನು ದಾಟಿದಳು. ಒಂದು, ಎರಡು, ಮೂರು. "ಜುಂಜಿ!" ಎಂದು ಎತ್ತಪ್ಪ ಕೂಗಿದ. ಅವಳು ನಿಲ್ಲಲಿಲ್ಲ. ಕಂಬಳಿಯನ್ನು ತಾನೇ ಮಗುವಿನ ಸುತ್ತ ಸುತ್ತಿದಳು. ಬೆರಳು ಮಗುವಿನ ಕೆನ್ನೆಗೆ ತಾಗಿತು, ತೆಗೆಯಲಿಲ್ಲ.

"ಗಾಜು ಏರಿಸ್ಕಂಡು ಹೋಗು," ಎಂದಳು ಲತಾಳಿಗೆ.

ಎರಡು ವರ್ಷ ತಡವಾಯಿತು ಅವ್ವ ಎಂದು ಹೇಳಬೇಕೆನಿಸಿತು ಲತಾಳಿಗೆ. ಹೇಳಲಿಲ್ಲ. ಕ್ಷಮಿಸಲೂ ಇಲ್ಲ. ಎಂಜಿನ್ ಚಾಲೂ ಮಾಡಿ ಗಾಜು ಏರಿಸಿದಳು.

ಧರ್ಮಪುರದಿಂದ ಚಿತ್ರದುರ್ಗಕ್ಕೆ ಹೋಗುವ ದಾರಿಯಲ್ಲೇ ಹಿರಿಯೂರು. ಅಲ್ಲಿ ನಿಲ್ಲಿಸುವುದಕ್ಕೆ ಕರಾರಿನಲ್ಲಿ ಅಡ್ಡಬರುವ ಯಾವ ನಿಯಮವೂ ಇರಲಿಲ್ಲ. ಮನೆಯ ಮುಂದೆ ಶಿವು ಮಗನನ್ನು ಎತ್ತಿಕೊಂಡು ನಿಂತಿದ್ದ. ರಂಜಿತಾ ಇಳಿದು ಬಾಗಿಲವರೆಗೆ ನಡೆದು, ಹೊಸ್ತಿಲ ಮುಂದೆ ನಿಂತುಬಿಟ್ಟಳು. ಲತಾ ದೂಡಲಿಲ್ಲ. ಪಕ್ಕದಲ್ಲಿ ನಿಂತಳು, ಅಷ್ಟೇ. ರಂಜಿತಾ ಕಣ್ಣುಮುಚ್ಚಿ ಬಲಗಾಲು ಒಳಗಿಟ್ಟಳು, ಆಮೇಲೆ ಎಡಗಾಲು. ಮಗು ಆಕಳಿಸಿತು.

ಫೋನ್ ಬಡಿದುಕೊಂಡಿತು. ನಾಗರಾಜ್.

"ಮೇಡಂ, ಎರಡು ಗಂಟೆ ನೆನಪೈತಲ್ಲ? ಗಾಡಿ ಬೇರೆ ಯಾರ ಕೈಗೂ ಕೊಟ್ಟಿಲ್ಲ ತಾನೇ?"

"ಇಲ್ಲ," ಎಂದಳು ಲತಾ. "ಕೇಳಿದ್ರು. ಕೊಡಲಿಲ್ಲ."

ಬೀದಿ ಕಿರಿದಾಗಿತ್ತು, ತಿರುಗಿಸಲು ಜಾಗವಿರಲಿಲ್ಲ. ಅವಳು ಕನ್ನಡಿ ಸರಿಮಾಡಿಕೊಂಡು, ಹಲ್ಲು ಕಚ್ಚಿಕೊಂಡೇ, ಹತ್ತೊಂಬತ್ತೂವರೆ ಅಡಿಯನ್ನೂ ಹಿಮ್ಮುಖವಾಗಿ ರಸ್ತೆಗೆ ತಂದಳು.