ತಲೆಯ ಮೇಲಿಲ್ಲದ ಪೇಟ

ಮೈಸೂರಿನ ಚಾಮರಾಜಪುರಂ ಕಡೆ ಪೇಟ ಕಟ್ಟುವ ದೊರೆಸ್ವಾಮಿ ಅಂದರೆ ಗೊತ್ತಿಲ್ಲದವರು ಕಡಿಮೆ. ಅರವತ್ತೊಂಬತ್ತು ವರ್ಷದ ಮನುಷ್ಯ. ಮದುವೆ ಗಂಡಿಗೂ ಅವರೇ, ಸನ್ಮಾನಕ್ಕೆ ಕೂತ ದೊಡ್ಡವರಿಗೂ ಅವರೇ. ರೇಷ್ಮೆ ಬಟ್ಟೆಯ ಒಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದು ಉಳಿದದ್ದನ್ನು ಸುತ್ತುತ್ತ ಹೋದರೆ ಜರಿಯಂಚಿನ ಮಡಿಕೆ ಒಂದು ನೂಲಿನಷ್ಟೂ ಆಚೀಚೆ ಆಗುತ್ತಿರಲಿಲ್ಲ. ಅಂಗಡಿಯಲ್ಲಿ ಸಿಗುವ ಹೊಲಿದ ಪೇಟ ಕಂಡರೆ ಅವರಿಗೆ ಮೈಯೆಲ್ಲ ಉರಿ. "ಅದೂ ಒಂದು ಪೇಟಾನಾ? ಮಡಕೆ ಮುಚ್ಚಳ ಕಣ್ರೀ ಅದು," ಎನ್ನುತ್ತಿದ್ದರು.

ಈ ಕೆಲಸದಲ್ಲಿ ಅವರಪ್ಪ ಕಲಿಸಿದ ಕಟ್ಟಳೆಯೊಂದಿತ್ತು. ತೀರಿಕೊಂಡವರಿಗೆ ಪೇಟ ಕಟ್ಟಬೇಕಾಗಿ ಬಂದರೆ ನೇರವಾಗಿ ಅವರ ತಲೆಗೇ ಕಟ್ಟಬೇಕು. ಬದುಕಿರುವವರ ತಲೆಗೆ ಕಟ್ಟಿ, ಬಿಚ್ಚದೆ ತೆಗೆದು ಹೆಣಕ್ಕೆ ಇಡಬಾರದು. ಯಾಕೆಂದು ಅಪ್ಪ ಹೇಳಿರಲಿಲ್ಲ, ಮಗ ಕೇಳಿರಲೂ ಇಲ್ಲ.

ಶ್ರಾವಣದ ಕೊನೆಗೆ ರಾಮಕೃಷ್ಣನಗರದ ಕೃಷ್ಣಸ್ವಾಮಿ ಮೇಷ್ಟ್ರು ತೀರಿಕೊಂಡರು. ಅರಮನೆಯ ಸೇವೆಯಲ್ಲಿದ್ದ ಮನೆತನ. ನಲವತ್ತು ವರ್ಷದಿಂದ ದಸರೆಗೆ ಅವರ ತಲೆಗೆ ಪೇಟ ಕಟ್ಟಿದ್ದು ದೊರೆಸ್ವಾಮಿಯೇ. ಕೊನೆಯ ದರ್ಶನಕ್ಕೂ ಪೇಟ ಇರಲಿ ಎಂದು ಮನೆಯವರು ಕರೆಸಿದರು. ಹೋಗಿ ನೋಡಿದರೆ ಮೇಷ್ಟ್ರ ಕತ್ತು ಸೆಟೆದುಕೊಂಡಿತ್ತು, ತಲೆ ಎತ್ತಿ ಸುತ್ತಲು ಆಗದು. ಹೊರಗೆ ಜನ ಕಾಯುತ್ತಿದ್ದರು. ಇಬ್ಬರ ತಲೆಯ ಅಳತೆಯೂ ಒಂದೇ ಎಂಬುದು ದೊರೆಸ್ವಾಮಿಗೆ ಗೊತ್ತಿತ್ತು. ಹಿತ್ತಲಿಗೆ ಹೋಗಿ ತಮ್ಮ ತಲೆಗೇ ಕಟ್ಟಿಕೊಂಡರು, ಮೆಲ್ಲಗೆ ತೆಗೆದರು, ತಂದು ಮೇಷ್ಟ್ರ ತಲೆಗೆ ಇಟ್ಟರು. ಯಾರೂ ನೋಡಲಿಲ್ಲ. ಪೇಟ ಮೇಷ್ಟ್ರ ಜೊತೆಗೇ ಬೆಂಕಿಗೆ ಹೋಯಿತು.

ಹತ್ತು ದಿನ ಕಳೆದಿರಬೇಕು. ಒಂದು ಬೆಳಿಗ್ಗೆ ಕಾಫಿ ಕುಡಿಯುತ್ತ ಕೂತಿದ್ದಾಗ ತಲೆ ಬಿಗಿದಂತಾಯಿತು. ಕಟ್ಟಿದ ಪೇಟ ಬಿಗಿಯಾಯಿತೆಂದು ಸಡಿಲಿಸಲು ಕೈ ಎತ್ತಿದರು. ಬೆರಳಿಗೆ ಸಿಕ್ಕಿದ್ದು ಬರೀ ಕೂದಲು.

ಅಂದಿನಿಂದ ಆ ಇಲ್ಲದ ಪೇಟ ತಲೆಯಿಂದ ಇಳಿಯಲೇ ಇಲ್ಲ. ಬಾಚಣಿಗೆ ತಾಕಿದರೆ ಜೀವ ಹೋಗುತ್ತಿತ್ತು. ಎಡಪಕ್ಕ ದಿಂಬಿಗೆ ತಲೆ ಇಡಲು ಆಗುತ್ತಿರಲಿಲ್ಲ. ಗೋಕುಲಂನ ಯೋಗಶಾಲೆಯೊಂದರಲ್ಲಿ ಸನ್ಮಾನಕ್ಕೆ ಪೇಟ ಕಟ್ಟಲು ಹೋದಾಗ ನಾಲ್ಕು ಸುತ್ತಿಗೇ ದವಡೆ ನೊಂದು ಸೋತು ಬಟ್ಟೆ ಬಾಯಿಂದ ಜಾರಿತು. ಕೊಂಚ ಸುಮ್ಮನಿದ್ದರೆ ನೋವು ಮಾಯ. ಮತ್ತೆ ಕಚ್ಚಿ ಎಳೆದರೆ ಮತ್ತೆ ಹಾಗೆಯೇ. ಬಟ್ಟೆಯ ಆಚೆ ತುದಿಯನ್ನು ಇನ್ಯಾರೋ ಹಿಡಿದು ಜಗ್ಗುತ್ತಿದ್ದಾರೆ ಎನಿಸಿತು. ಯಾರು ಎಂದು ಅವರು ಕೇಳಿಕೊಳ್ಳಬೇಕಾಗಿಯೇ ಇರಲಿಲ್ಲ.

ಹೆಂಡತಿ ಪ್ರೇಮಮ್ಮ ಗಂಡ ಸೊರಗುವುದನ್ನೂ ಸಂಜೆಗೆ ಮೈ ಬೆಚ್ಚಗಾಗುವುದನ್ನೂ ಕಂಡರು. ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು. ಆದರೂ ಆಕೆ ಗಂಡನಿಗಿಂತ ಜಾಣೆ.

"ದೃಷ್ಟಿ ತೆಗ್ದಿದ್ದಾಯ್ತು, ಈಗೊಂದ್ಸಲ ಡಾಕ್ಟ್ರಿಗೂ ತೋರಿಸ್ಬುಡಿ," ಅಂದರು.

"ತಲೆನೋವಿಗೆಲ್ಲ ಡಾಕ್ಟ್ರೇನೆ? ಸುಮ್ನಿರು ಕಣೆ," ಎಂದು ದೊರೆಸ್ವಾಮಿ ಗದರಿದರು. ಹಿತ್ತಲಿನ ವಿಷಯ ಬಾಯಿ ಬಿಡಲಿಲ್ಲ. ನಾಚಿಕೆಗಿಂತ ಭಯ ಹೆಚ್ಚಾಗಿತ್ತು.

ಪಿತೃಪಕ್ಷ ಬಂತು. ಅದರ ಕೊನೆಯ ಶುಕ್ರವಾರ, ಮಟಮಟ ಮಧ್ಯಾಹ್ನ, ಬಾಗಿಲಲ್ಲಿ ನಿಂತು ಬೀದಿ ನೋಡುತ್ತಿದ್ದರು. ಎಡಗಣ್ಣಿನ ಮೇಲಿನಿಂದ ಕಪ್ಪೊಂದು ಮೆಲ್ಲಗೆ ಇಳಿಯಿತು, ಸಡಿಲವಾದ ಪೇಟ ಹಣೆ ದಾಟಿ ಕಣ್ಣಿಗೆ ಬಂದ ಹಾಗೆ. ಅರ್ಧ ಬೀದಿ ಮುಚ್ಚಿತು, ಆಮೇಲೆ ಪೂರ್ತಿ ಮುಚ್ಚಿತು. ಎರಡು ನಿಮಿಷ ಕಳೆದು ಎದ್ದುಹೋಯಿತು. ದೊರೆಸ್ವಾಮಿ ಹೊಸ್ತಿಲ ಮೇಲೆ ಕೂತರು. ಕಣ್ಣು ಹೋದರೆ ಮಡಿಕೆ ಹೋಯಿತು, ಮಡಿಕೆ ಹೋದರೆ ತಾವು ಯಾರು?

ಮೇಷ್ಟ್ರ ಮನೆಗೆ ಹೋಗಿ ಅವರ ಪಟದ ಮುಂದೆ ತಪ್ಪೊಪ್ಪಿಕೊಳ್ಳುವುದೆಂದು ಆಗಲೇ ತೀರ್ಮಾನಿಸಿದರು. ಆದರೆ ಹೋಗಲಿಲ್ಲ. ಭಾನುವಾರ ಮಹಾಲಯ ಅಮಾವಾಸ್ಯೆ. ಪಿತೃಗಳು ಮನೆಬಾಗಿಲಲ್ಲಿರುವ ಹೊತ್ತಿನಲ್ಲಿ ಹೋದರೆ ಮೇಷ್ಟ್ರು ಇನ್ನೂ ಗಟ್ಟಿಯಾಗಿ ಹಿಡಿದಾರು. ಪಕ್ಷ ಕಳೆಯಲಿ, ಸೋಮವಾರ ಹೋದರಾಯಿತು ಎಂದು ಲೆಕ್ಕ ಹಾಕಿದರು. ಅಯ್ಯೋ, ಎಂಥ ಲೆಕ್ಕ!

ಸೋಮವಾರ ಬೆಳಿಗ್ಗೆ ಎದ್ದಾಗ ಎಡಗಣ್ಣು ತೆರೆದುಕೊಂಡಿತು, ಕತ್ತಲೆ ತೆರೆದುಕೊಳ್ಳಲಿಲ್ಲ.

ಆಟೋ ಹಿಡಿದು ರಾಮಕೃಷ್ಣನಗರಕ್ಕೆ ಹೋದರು. ಬಾಗಿಲು ತೆಗೆದದ್ದು ಮೇಷ್ಟ್ರ ಮಗಳು ಗಾರ್ಗಿ. ಆಕೆ ನಗರದ ಆಸ್ಪತ್ರೆಯೊಂದರಲ್ಲಿ ವೈದ್ಯೆ. ದೊರೆಸ್ವಾಮಿ ಪಟದ ಮುಂದೆ ಅಡ್ಡಬಿದ್ದು, ಹಿತ್ತಲಿನದು, ಬಿಗಿತದ್ದು, ಕಣ್ಣಿನದು ಎಲ್ಲವನ್ನೂ ಅಳುತ್ತ ಹೇಳಿದರು. ಗಾರ್ಗಿ ನಗಲಿಲ್ಲ. ಆಕೆಯ ಮುಖ ಮಾತ್ರ ಬಿಳಿಚಿಕೊಂಡಿತು.

"ಮುದ್ದೆ ನುಂಗ್ತೀರಿ, ಸರಿ. ಚಪಾತಿ ಅಗೀವಾಗ ದವಡೆ ಸೋಲುತ್ತಾ?"

ದೊರೆಸ್ವಾಮಿ ತಲೆ ಎತ್ತಿ ನೋಡಿದರು. ದವಡೆಯ ಮಾತು ಅವರು ಎತ್ತಿಯೇ ಇರಲಿಲ್ಲ. "ನಿಮ್ಗೆ ಯಾರು ಯೋಳಿದ್ರವ್ವಾ? ಮೇಷ್ಟ್ರಾ?"

ಗಾರ್ಗಿ ಅವರ ಎಡಗಡೆ ಕಣತಲೆಯ ಮೇಲೆ, ಹುಬ್ಬಿಗೂ ಕಿವಿಗೂ ನಡುವೆ, ಬೆರಳಿಟ್ಟಳು. ಗಂಟು ಬಿದ್ದ ಹುರಿಯಂಥದೊಂದು ಚರ್ಮದಡಿ ಸಿಕ್ಕಿತು. ಅದರಲ್ಲಿ ಬಡಿತವಿರಲಿಲ್ಲ. "ಏಳಿ, ಕಾರು ಹತ್ತಿ. ಒಂದು ಗಂಟೆಯೂ ತಡ ಮಾಡೋ ಹಾಗಿಲ್ಲ," ಅಂದಳು.

ಆಸ್ಪತ್ರೆಯಲ್ಲಿ ಮೊದಲು ಸ್ಟೀರಾಯ್ಡ್ ಡ್ರಿಪ್ ಹಾಕಿದರು, ಪರೀಕ್ಷೆಗಳು ಆಮೇಲೆ. ಕಣತಲೆಯ ರಕ್ತನಾಳದ ಚೂರೊಂದನ್ನೂ ತೆಗೆದು ನೋಡಿದರು. ಕೆಲವು ದಿನಗಳ ಮೇಲೆ ವರದಿ ಹಿಡಿದು ಗಾರ್ಗಿ ಬಂದಳು. ಪ್ರೇಮಮ್ಮ ಮಂಚದ ಪಕ್ಕದಲ್ಲಿದ್ದರು. ತಲೆಯ ಬಿಗಿತ ಎರಡನೆಯ ದಿನಕ್ಕೇ ಬಿಟ್ಟಿತ್ತು.

"ಹೊರಗಿನವರು ಯಾರೂ ಅಲ್ಲ ದೊರೆಸ್ವಾಮಿಯವರೇ," ಅಂದಳು. "ನಮ್ಮ ಮೈಯಲ್ಲಿ ಕಾವಲು ಕಾಯೋ ಕಣಗಳಿವೆ. ರೋಗಾಣು ಬಂದ್ರೆ ಹೊಡೆಯೋದು ಅವುಗಳ ಕೆಲಸ. ರಕ್ತನಾಳದ ಗೋಡೆಯೊಳಗೂ ಕೆಲವು ಕೂತಿರ್ತವೆ. ನಿಮ್ಮಲ್ಲಿ ಅವು, ಯಾಕೆ ಅಂತ ನಮಗೂ ಪೂರ್ತಿ ಗೊತ್ತಿಲ್ಲ, ಕಳ್ಳ ಬಂದ ಅಂತ ಕೂಗಿಬಿಟ್ಟವು. ಕೂಗು ಕೇಳಿ ಮಿಕ್ಕವೆಲ್ಲ ನುಗ್ಗಿದವು. ಕಳ್ಳ ಇರಲೇ ಇಲ್ಲ. ಅವು ಗೋಡೆಯನ್ನೇ ಹೊಡೆದವು. ಗೋಡೆ ಒಳಗೆ ಬಾತುಕೊಂಡು ದಾರಿ ಮುಚ್ಚಿತು. ದವಡೆಗೂ ರಕ್ತ ಸಾಲಲಿಲ್ಲ, ಕಣ್ಣಿನ ನರಕ್ಕೂ ಸಾಲಲಿಲ್ಲ."

"ಬೇಲೀನೇ ಎದ್ದು ಹೊಲ ಮೇಯ್ದಂಗಾಯ್ತಲ್ಲವ್ವಾ!" ಅಂದರು ಪ್ರೇಮಮ್ಮ.

"ಎಡಗಣ್ಣು?" ದೊರೆಸ್ವಾಮಿ ಕೇಳಿದರು.

"ಅದು ಬರಲ್ಲ. ಬಲಗಣ್ಣು ಉಳಿಸ್ಕೋಬಹುದು. ಮಾತ್ರೆ ವರ್ಷಗಟ್ಟಲೆ ಬೇಕು. ನೀವಾಗೇ ಬಿಟ್ಟರೆ ಅವು ಮತ್ತೆ ಎದ್ದುಬಿಡ್ತವೆ."

"ಶುಕ್ರವಾರವೇ ಬಂದಿದ್ರೆ?"

ಗಾರ್ಗಿ ವರದಿಯನ್ನು ಮಡಚಿದಳು. "ಎರಡೂ ಉಳೀತಿದ್ವೇನೋ."

ಆಕೆ ಹೋದ ಮೇಲೆ ದೊರೆಸ್ವಾಮಿ ಗೋಡೆಯ ಕಡೆಗೆ ಹೊರಳಿದರು. ಪ್ರೇಮಮ್ಮ ಸಮಾಧಾನಕ್ಕೆಂದು, "ಸದ್ಯ, ಮೇಷ್ಟ್ರ ಕಾಟ ಅಲ್ವಲ್ಲ, ಬುಡಿ," ಅಂದರು.

"ಮೇಷ್ಟ್ರಾಗಿದ್ರೆ ವಾಸಿಯಿತ್ತು ಕಣೆ," ಅಂದರು ದೊರೆಸ್ವಾಮಿ. "ಕಾಲು ಹಿಡಿದ್ರೆ ಬಿಟ್ಟಾರು ಅನ್ನೋ ಧೈರ್ಯ ಇತ್ತು. ಇವು ನನ್ನವೇ. ಇವಕ್ಕೆ ಏನಂತ ಬೇಡ್ಕೊಳ್ಳಲಿ?"

ಬಲಗಡೆಯ ಕಣತಲೆಯ ಮೇಲೆ ಬೆರಳಿಟ್ಟು ನೋಡಿಕೊಂಡರು. ನಾಡಿ ಬಡಿಯುತ್ತಿತ್ತು. ಊಟದ ತಟ್ಟೆ ಬಂದು ಆರಿ ತಣ್ಣಗಾಯಿತು. ಪ್ರೇಮಮ್ಮ ಎಷ್ಟು ಕರೆದರೂ ಅವರು ಆ ಬೆರಳನ್ನು ತೆಗೆಯಲಿಲ್ಲ.