ಎಡಗಾಲಿನ ಕೆಂಪು ಉಂಗುರ

ಕಡಲತೀರದ ಹಕ್ಕಿಗಳ ಅಧ್ಯಯನದಲ್ಲಿ ತೊಡಗಿಕೊಂಡವರಿಗೆಲ್ಲ ಚಿರಪರಿಚಿತರಾದ, ನಮ್ಮ ಅಳಿವೆಯ ವನ್ಯಜೀವಿಧಾಮವನ್ನು ಮೂವತ್ತನಾಲ್ಕು ವರ್ಷಗಳ ಕಾಲ ತಮ್ಮ ಮನೆಯಂಗಳದಂತೆ ನೋಡಿಕೊಂಡ, ಎಲ್ಲರ ಬಾಯಲ್ಲಿ ‘ದುರ್ಬೀನು ಮೇಷ್ಟ್ರು’ ಎಂದೇ ಉಳಿದುಹೋದ ಹಿರಿಯರು ಈ ತಿಂಗಳ ಕೊನೆಗೆ ನಿವೃತ್ತರಾಗುತ್ತಿದ್ದಾರೆ. ಅವರ ಶಿಷ್ಯೆಯಾಗಿ ಬಂದು, ಸಹೋದ್ಯೋಗಿಯಾಗಿ ಬೆಳೆದು, ಹಕ್ಕಿಗಳ ಕಾಲಿಗೆ ಗುರುತಿನ ಉಂಗುರ ತೊಡಿಸುವ ವಿಭಾಗಕ್ಕೆ ಈಗ ಮುಖ್ಯಸ್ಥೆಯಾಗಿರುವ ನನಗೆ ಈ ಅಭಿನಂದನ ಸಂಪುಟಕ್ಕೆ ನಾಲ್ಕು ಪುಟ ಬರೆಯುವ ಸುಯೋಗ ದೊರೆತಿದೆ. ಸುಯೋಗವೆಂದು ಬರೆದೆ, ಸಂಕಟವೆಂದು ಬರೆದಿದ್ದರೂ ತಪ್ಪಾಗುತ್ತಿರಲಿಲ್ಲ. ಈ ಲೇಖನವನ್ನು ಐದು ಸಲ ಶುರುಮಾಡಿ ಐದು ಸಲವೂ ಹರಿದುಹಾಕಿದ್ದೇನೆ. ನಾನು ಅಭಿನಂದಿಸುತ್ತಿದ್ದೇನೋ, ತಪ್ಪೊಪ್ಪಿಕೊಳ್ಳುತ್ತಿದ್ದೇನೋ ನನಗೇ ಸ್ಪಷ್ಟವಿಲ್ಲ. ಸಂಪಾದಕರು ದಯವಿಟ್ಟು ಸಹಿಸಿಕೊಳ್ಳಬೇಕು.

ಅವರು ಅಧಿಕಾರ ವಹಿಸಿಕೊಂಡಾಗ ಈ ಧಾಮದಲ್ಲಿ ಇದ್ದದ್ದು ಒಂದು ತಂತಿಬೇಲಿ ಮತ್ತು ಪ್ರವೇಶವಿಲ್ಲವೆಂದು ಸಾರುವ ಒಂದು ತುಕ್ಕು ಹಿಡಿದ ಫಲಕ ಮಾತ್ರ. ಕಣ್ಣಾರೆ ಕಾಣದ್ದನ್ನು ಜನ ಉಳಿಸುವುದಾದರೂ ಏಕೆ ಎಂಬುದು ಅವರ ವಾದ. ಹೋರಾಡಿ, ಬೇಡಿ, ಕೆಲವೊಮ್ಮೆ ಕಾಡಿ, ಕೆಸರಿನ ಮೇಲೆ ಹಲಗೆಯ ಕಾಲುದಾರಿ ಹಾಕಿಸಿದರು. ಉದ್ದನೆಯ ಮರಳುದಿಬ್ಬಕ್ಕೆ ಎದುರಾಗಿ ಉತ್ತರಕ್ಕೊಂದು ದಕ್ಷಿಣಕ್ಕೊಂದು ವೀಕ್ಷಣಾ ಗುಡಿಸಲು ಕಟ್ಟಿಸಿದರು. ಮಕ್ಕಳ ಕಣ್ಣಿಗೆ ನಿಲುಕುವಂತೆ ದುರ್ಬೀನಿನ ಕಾಲುಗಳನ್ನು ಕತ್ತರಿಸಿ ಗಿಡ್ಡ ಮಾಡಿಸಿ, ತಾವು ಮಾತ್ರ ಬೆನ್ನು ಬಗ್ಗಿಸಿಕೊಂಡು ನೋಡಿದರು. ಬಂದವರೆಲ್ಲ ಭಕ್ತಿಯಿಂದ ಬಂದವರೇನಲ್ಲ. “ಬರೀ ಕೆಸರು ಕಣ್ರೀ, ದೊಡ್ಡ ಪ್ರಾಣಿ ಯಾವುದೂ ಇಲ್ವಾ?” ಎಂದು ಒಬ್ಬರು ಮುಖ ಸಿಂಡರಿಸಿದಾಗ ಮೇಷ್ಟ್ರು ತಮ್ಮ ಹೊಟ್ಟೆಯ ಮೇಲೆ ಕೈಯಾಡಿಸಿಕೊಂಡು, “ನಾನಿದೀನಲ್ಲ, ಬನ್ನಿ” ಎಂದು ಗುಡಿಸಲಿಗೆ ಕರೆದೊಯ್ದಿದ್ದನ್ನು ನಾನೇ ನೋಡಿದ್ದೇನೆ. ಆ ಮಹನೀಯರು ಕತ್ತಲಾಗುವವರೆಗೂ ಅಲ್ಲಿಂದ ಏಳಲಿಲ್ಲ.

ಆದರೆ ಮೇಷ್ಟ್ರ ಹೆಸರನ್ನು ದೂರದೂರಕ್ಕೆ ಒಯ್ದದ್ದು ‘ಅಜ್ಜಿ’. ಅಜ್ಜಿಯೆಂದರೆ ಉದ್ದ ಕೊಕ್ಕಿನ ಒಂದು ಗೊರವ ಹಕ್ಕಿ. ಸೇವೆಯ ಮೂರನೆಯ ವರ್ಷ ಅವರೇ ಹಿಡಿದು, ಎಡಗಾಲಿಗೆ ಕೆಂಪು, ಬಲಗಾಲಿಗೆ ಹಳದಿ ಉಂಗುರ ತೊಡಿಸಿ ಹಾರಿಬಿಟ್ಟದ್ದು. ಈ ಬಣ್ಣಗಳ ಜೋಡಣೆ ಒಂದು ಹಕ್ಕಿಗಿದ್ದಂತೆ ಇನ್ನೊಂದಕ್ಕೆ ಇರಕೂಡದು. ದೂರದಿಂದ ಗುರುತು ಹಿಡಿಯಲು ಇರುವುದು ಅದೊಂದೇ. ಸಂಖ್ಯೆ ಕೆತ್ತಿದ ಸಣ್ಣ ಲೋಹದ ಉಂಗುರವೂ ಇರುತ್ತದೆ ನಿಜ, ಅದನ್ನು ಓದಬೇಕಾದರೆ ಹಕ್ಕಿ ಕೈಗೇ ಸಿಗಬೇಕು. ಅಂದಿನಿಂದ ಮೂವತ್ತೊಂದು ಚಳಿಗಾಲ ಒಂದನ್ನೂ ತಪ್ಪಿಸದೆ ಅಜ್ಜಿ ನಮ್ಮ ದಿಬ್ಬಕ್ಕೆ ಬಂದಿದ್ದಾಳೆ. ಇಲಾಖೆಯ ದಾಖಲೆಯಲ್ಲಿ ಅವಳಷ್ಟು ಬಾಳಿದ ಗೊರವ ಇನ್ನೊಂದಿಲ್ಲ. ಪ್ರವೇಶದ ಚೀಟಿಯ ಮೇಲೆ ಅವಳ ಚಿತ್ರವಿದೆ, ಮೇಷ್ಟ್ರ ಕುರಿತ ಪ್ರತಿಯೊಂದು ಭಾಷಣದಲ್ಲೂ ಅವಳಿಗೊಂದು ವಾಕ್ಯವಿದೆ. ಈ ಸಂಪುಟದ ಮುನ್ನುಡಿಯಲ್ಲೂ ಇತ್ತು.

ನಾನು ಇಲ್ಲಿಗೆ ತರಬೇತಿಗೆಂದು ಬಂದದ್ದು ಇಪ್ಪತ್ತೆರಡು ವರ್ಷಗಳ ಹಿಂದೆ. ತಪ್ಪು ಬಸ್ಸು ಹತ್ತಿ ಮೂರು ಗಂಟೆ ತಡವಾಗಿ, ಎತ್ತರದ ಹಿಮ್ಮಡಿಯ ಚಪ್ಪಲಿಯಲ್ಲಿ ಬಂದು ಕೆಸರಿನಲ್ಲಿ ಮೊಣಕಾಲವರೆಗೆ ಹೂತು ನಿಂತವಳನ್ನು ಮೇಷ್ಟ್ರು ಎಳೆದು ಹಾಕಿದರು. ಮರುದಿನ ಬೆಳಗ್ಗೆ ನನ್ನ ಕೋಣೆಯ ಬಾಗಿಲಲ್ಲಿ ಅವರ ಹೆಂಡತಿಯ ರಬ್ಬರ್ ಬೂಟುಗಳಿದ್ದವು. ಆಕೆಯನ್ನು ಅಂದಿನಿಂದ ಅಕ್ಕ ಎಂದೇ ಕರೆಯುತ್ತೇನೆ. ನನ್ನ ತಂದೆ ಆಸ್ಪತ್ರೆಯಲ್ಲಿ ಮಲಗಿದ್ದ ಹತ್ತೊಂಬತ್ತು ದಿನ ನನ್ನ ಪಾಲಿನ ವೀಕ್ಷಣೆಯನ್ನೂ ಮೇಷ್ಟ್ರೇ ಮಾಡಿದರು. ದಿನಚರಿಯಲ್ಲಿ ಮಾತ್ರ ನನ್ನ ಹೆಸರು ಹಾಕಲಿಲ್ಲ. “ಕಂಡೋರ ಹೆಸರೇ ಬರೀಬೇಕಮ್ಮ. ನೀನು ಕಂಡಿಲ್ವಲ್ಲ” ಎಂದರು. ಆಗ ನನಗೆ ಸ್ವಲ್ಪ ಬೇಸರವಾಗಿತ್ತು, ಬಚ್ಚಿಡುವುದೇಕೆ.

ಅಂಥವರಿಗೆ ನಾನು ಮಾಡಿದ ಕೆಲಸವನ್ನು ಈಗ ಹೇಳಬೇಕು.

ತರಬೇತಿಯ ಎರಡನೆಯ ತಿಂಗಳು, ಬಲೆಗೆ ಬಿದ್ದ ಗೊರವವೊಂದನ್ನು ಮೇಷ್ಟ್ರು ನನ್ನ ಕೈಗಿಟ್ಟರು. ನಾನು ಉಂಗುರ ತೊಡಿಸಿದ ಮೊದಲ ಹಕ್ಕಿ ಅದು. ಚೀಟಿಯಲ್ಲಿ ಅವರದೇ ದುಂಡಗಿನ ಅಕ್ಷರದಲ್ಲಿ ಬರೆದಿತ್ತು: ಬಲಗಾಲಿಗೆ ಕೆಂಪು, ಎಡಗಾಲಿಗೆ ಹಳದಿ. ಅಜ್ಜಿಯದಕ್ಕೆ ನೇರ ತಿರುಗುಮುರುಗು. ನಾನು ಹಕ್ಕಿಯನ್ನು ನನಗೆ ಎದುರಾಗಿ ಹಿಡಿದುಕೊಂಡಿದ್ದೆ. ಹಕ್ಕಿಯ ಎದೆಬಡಿತ ನನ್ನ ಬೆರಳಿಗೆ ಹೊಡೆಯುತ್ತಿತ್ತು. ನನ್ನ ಬಲಗೈ ಕಡೆಯ ಕಾಲಿಗೆ ಕೆಂಪು ಹಾಕಿದೆ, ಎಡಗೈ ಕಡೆಯದಕ್ಕೆ ಹಳದಿ ಹಾಕಿದೆ, ಹಾರಿಬಿಟ್ಟೆ. ಮೇಷ್ಟ್ರು ಆಚೆ ಬಲೆ ಬಿಡಿಸುತ್ತಿದ್ದರು. ದಿನಚರಿಯಲ್ಲಿ ಚೀಟಿಯಲ್ಲಿದ್ದುದನ್ನೇ ಬರೆದೆ.

ಮೂರು ದಿನ ಕಳೆದ ಮೇಲೆ ಕನ್ನಡಿಯ ಮುಂದೆ ತಲೆ ಬಾಚಿಕೊಳ್ಳುತ್ತಿದ್ದಾಗ ತಟ್ಟನೆ ಹೊಳೆಯಿತು. ನನಗೆ ಎದುರಾಗಿದ್ದ ಹಕ್ಕಿಯ ಬಲಗಾಲು ನನ್ನ ಎಡಗೈ ಕಡೆಗಲ್ಲವೇ ಇದ್ದದ್ದು! ಅಂದರೆ ಎಡಗಾಲಲ್ಲಿ ಕೆಂಪು, ಬಲಗಾಲಲ್ಲಿ ಹಳದಿ ಇರುವ ಎರಡು ಹಕ್ಕಿಗಳು ಈಗ ಈ ಅಳಿವೆಯಲ್ಲಿದ್ದವು. ಬಾಚಣಿಗೆ ಕೈಯಲ್ಲಿ ಹಿಡಿದುಕೊಂಡೇ ಕಚೇರಿಗೆ ಓಡಿದೆ. ಮೇಷ್ಟ್ರು ಫೋನಿನಲ್ಲಿದ್ದರು. “ಬಂದ್ಲು ಸಾರ್, ಈ ವರ್ಷಾನೂ ಬಂದ್ಲು! ಒಂಬತ್ತನೇ ವರ್ಷ ಇದು!” ಎಂದು ಮೊಮ್ಮಗು ಹುಟ್ಟಿದ ಸುದ್ದಿ ಹೇಳುವವರ ಹಾಗೆ ಮೇಲಧಿಕಾರಿಗೆ ಹೇಳುತ್ತಿದ್ದರು. ಫೋನಿಟ್ಟು ಏನು ಎಂಬಂತೆ ನನ್ನನ್ನು ನೋಡಿದರು. “ಚಹಾ ಬೇಕಾ ಅಂತ ಕೇಳೋಕೆ ಬಂದೆ ಸಾರ್” ಎಂದೆ. ಬೇಕು ಎಂದರು. ಮಾಡಿಕೊಟ್ಟೆ.

ಆ ಮೇಲೆ ಹೇಳಲಾಗಲಿಲ್ಲ. ಒಂದು ವಾರ ಸುಮ್ಮನಿದ್ದದ್ದು ಒಂದು ವರ್ಷವಾಯಿತು, ಒಂದು ವರ್ಷ ಇಪ್ಪತ್ತೆರಡಾಯಿತು. ಪ್ರತಿ ಚಳಿಗಾಲವೂ ಒಂದು ಸಲಕ್ಕೆ ಒಂದೇ ‘ಅಜ್ಜಿ’ ಕಾಣಿಸುತ್ತಿದ್ದುದರಿಂದ ಎರಡರಲ್ಲಿ ಒಂದು ಸತ್ತಿರಬೇಕೆಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಸತ್ತದ್ದು ಯಾವುದು? ನಾವು ನೋಡುತ್ತಿರುವುದು ಮೇಷ್ಟ್ರ ಹಕ್ಕಿಯೋ, ನನ್ನದೋ? ಎಲ್ಲಕ್ಕಿಂತ ನನ್ನನ್ನು ಹಿಂಡಿದ್ದು ಮೇಷ್ಟ್ರ ಕರುಣೆ. ಬಲಗಾಲಿಗೆ ಕೆಂಪಿರುವ ಹಕ್ಕಿ ಇದ್ದರಲ್ಲವೇ ಕಾಣಲು! ಅದು ಕಾಣಿಸದೇ ಇರುವುದಕ್ಕೆ ಅವರು ನನ್ನ ಪರವಾಗಿ ನೊಂದುಕೊಂಡರು. “ನಿನ್ನ ಮೊದಲನೇ ಹಕ್ಕಿ ಈ ಸಲಾನೂ ಬರ್ಲಿಲ್ಲ. ಬೇಜಾರ್ ಮಾಡ್ಕೋಬೇಡ, ನಿನ್ನ ಕೈಗುಣ ಅಲ್ಲ ಅದು. ಸಮುದ್ರ ದಾಟೋ ಹಕ್ಕಿ, ಎಲ್ಲೋ ಏನೋ ಆಗಿರುತ್ತೆ” ಎಂದು ವರ್ಷವರ್ಷವೂ ತಪ್ಪದೆ ಸಂತೈಸಿದರು. ನಾನು ತಲೆ ತಗ್ಗಿಸಿ ಆ ಸಾಂತ್ವನವನ್ನು ಸ್ವೀಕರಿಸಿದೆ. ನಾಚಿಕೆಗೇಡಿನ ಕೆಲಸ.

ಮೂರು ವಾರಗಳ ಹಿಂದೆ, ತಮ್ಮ ಸೇವೆಯ ಕೊನೆಯ ವೀಕ್ಷಣೆಗೆ ಜೊತೆಯಾಗಲು ಮೇಷ್ಟ್ರು ನನ್ನನ್ನು ಕರೆಸಿಕೊಂಡರು. ಬೆಳಗಿನ ಇಳಿತದ ಹೊತ್ತು. ನೀರು ಸರಿದು ದಿಬ್ಬ ಉದ್ದಕ್ಕೂ ತೆರೆದುಕೊಂಡಿತ್ತು. ಅವರು ಉತ್ತರದ ಗುಡಿಸಲಲ್ಲಿ, ನಾನು ದಕ್ಷಿಣದ್ದರಲ್ಲಿ, ನಡುವೆ ಒಂದು ಮೈಲಿ, ಕೈಯಲ್ಲಿ ವಾಕಿಟಾಕಿ. ನೀರಂಚಿನಲ್ಲಿ ಕೊಕ್ಕು ಊರಿ ನಡೆಯುತ್ತಿದ್ದ ಗೊರವವೊಂದರ ಎಡಗಾಲಲ್ಲಿ ಕೆಂಪು ಕಂಡಿತು. “ಸಾರ್, ಅಜ್ಜಿ ಇಲ್ಲಿದಾಳೆ” ಎಂದೆ.

“ಇಲ್ಲಮ್ಮ, ನನ್ನ ಮುಂದೇನೇ ಇದಾಳೆ.”

“ಎಡಗಾಲು ಕೆಂಪು, ಬಲಗಾಲು ಹಳದಿ ಸಾರ್. ಈಗ ನೋಡ್ತಿದೀನಿ.”

“ನಾನೂ ಈಗಲೇ ನೋಡ್ತಿದೀನಿ.”

ವಾಕಿಟಾಕಿಯಲ್ಲಿ, ಅಳಿವೆಯಲ್ಲಿ ಗಸ್ತು ತಿರುಗುತ್ತಿದ್ದ ನಮ್ಮ ದೋಣಿಯವನ ದನಿ ಕೇಳಿಸಿತು: “ಅಜ್ಜಿಗೇನು ಎರಡು ಸಂಸಾರಾನಾ ಸಾರ್?”

ಎರಡೂ ಬದುಕಿದ್ದವು. ಅಷ್ಟರಲ್ಲಿ ಮೇಷ್ಟ್ರ ದನಿ ಒಮ್ಮೆಲೇ ಮಗುವಿನದರಂತೆ ಏರಿತು. “ಅಯ್ಯೋ, ಅಜ್ಜಿ ಅಲ್ಲಿದ್ರೆ ಇದು ನಿನ್ನ ಹಕ್ಕಿ ಕಣಮ್ಮ! ನಿನ್ನ ಮೊದಲನೇದು! ಬಂದಿದೆ ನೋಡು!” ಎಂದರು. ಮತ್ತೆ ಮಾತಾಡಿದಾಗ ದನಿ ಇಳಿದಿತ್ತು. “ಆದ್ರೆ ಕೆಂಪು ನಂಗೆ ಎಡಗಾಲಲ್ಲೇ ಕಾಣ್ತಿದೆ. ಎಷ್ಟು ಸಲ ನೋಡಿದ್ರೂ ಎಡಗಾಲಲ್ಲೇ. ಕಣ್ಣಿಗೆ ಎಡ ಬಲ ತಿಳೀತಿಲ್ಲ ಅನ್ಸುತ್ತೆ. ನೀನು ಕಂಡಿದ್ದನ್ನ ಬರ್ಕೋ. ನಂದು ಬಿಡು.”

ಎರಡು ವರ್ಷದ ಹಿಂದೆ ಅವರ ಕಣ್ಣಿನಲ್ಲಿ ಪೊರೆ ಶುರುವಾಗಿದೆಯೆಂದು ಡಾಕ್ಟರು ಹೇಳಿದ್ದರು. ಆ ಮಾತನ್ನು ಅವರು ಯಾರೆದುರೂ ಎತ್ತಿರಲಿಲ್ಲ, ಅಕ್ಕ ನನಗೆ ಗುಟ್ಟಾಗಿ ತಿಳಿಸಿದ್ದರು. ಕಚೇರಿಗೆ ಹಿಂತಿರುಗಿ ನೋಡುತ್ತೇನೆ, ಮೇಷ್ಟ್ರು ಕಳೆದೆರಡು ವರ್ಷದ ದಿನಚರಿಗಳನ್ನು ಮೇಜಿನ ಮೇಲೆ ಹರಡಿಕೊಂಡು ತಮ್ಮ ಒಂದೊಂದು ನಮೂದಿನ ಪಕ್ಕದಲ್ಲೂ ‘ಕಣ್ಣು ಅನುಮಾನ’ ಎಂದು ಪೆನ್ಸಿಲಿನಲ್ಲಿ ಬರೆಯುತ್ತಿದ್ದಾರೆ. ನಾನು ಬಾಯಿ ಬಿಟ್ಟರೆ ಅಜ್ಜಿಯ ಇಪ್ಪತ್ತೆರಡು ವರ್ಷದ ದಾಖಲೆ ಹೋಗುತ್ತದೆ. ಇಷ್ಟು ದಿನ ಕಂಡದ್ದು ಯಾವ ಹಕ್ಕಿಯೆಂದು ಯಾರೂ ಹೇಳಲಾರರು. ಬಾಯಿ ಮುಚ್ಚಿಕೊಂಡರೆ ಜೀವಮಾನವಿಡೀ ನೋಡುವುದನ್ನೇ ಕೆಲಸ ಮಾಡಿಕೊಂಡ ಮನುಷ್ಯ ತನ್ನ ಕಣ್ಣನ್ನೇ ನಂಬದೆ ಮನೆಗೆ ಹೋಗುತ್ತಾನೆ. ಯಾವುದನ್ನು ಕಸಿದುಕೊಂಡರೆ ಕಡಿಮೆ ಪಾಪ? ನನಗೆ ಆಗಲೂ ತಿಳಿಯಲಿಲ್ಲ, ನಿಜ ಹೇಳಬೇಕೆಂದರೆ ಈಗಲೂ ತಿಳಿದಿಲ್ಲ. ಅವರು ಇನ್ನೊಂದು ಪುಟ ಮಗುಚಿದ್ದನ್ನು ನೋಡಲಾರದೆ ಎಲ್ಲವನ್ನೂ ಹೇಳಿಬಿಟ್ಟೆ.

ಮೇಷ್ಟ್ರು ಪೆನ್ಸಿಲು ಕೆಳಗಿಟ್ಟರು. “ಹೇಗೆ ಹಿಡ್ಕೊಂಡಿದ್ದೆ, ತೋರ್ಸು” ಎಂದರು. ಖಾಲಿ ಕೈಯಲ್ಲಿ ತೋರಿಸಿದೆ. ಅವರೂ ತಮ್ಮ ಎರಡು ಕೈಗಳನ್ನು ಹಾಗೆಯೇ ಹಿಡಿದು, ತಿರುಗಿಸಿ, ಮತ್ತೆ ತಿರುಗಿಸಿ ನೋಡಿಕೊಂಡರು.

“ಯಾಕೆ ಹೇಳ್ಲಿಲ್ಲ?”

“ಹೆದರಿಕೆ ಸಾರ್.”

“ಇಪ್ಪತ್ತೆರಡು ವರ್ಷಾನೂ?”

ಅವರು ಕಿಟಕಿಯ ಕಡೆ ತಿರುಗಿ, “ಈಗ ಹೋಗಮ್ಮ” ಎಂದಷ್ಟೇ ಹೇಳಿದರು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಎರಡು ದಿನ ನನ್ನ ಫೋನು ಎತ್ತಲಿಲ್ಲ. ಅದು ಸಿಟ್ಟೋ, ದುಃಖವೋ, ನನ್ನ ಮುಖ ನೋಡಲಾರದ ಅಸಹ್ಯವೋ ಎಂದು ಕೂತಲ್ಲಿ ನಿಂತಲ್ಲಿ ಲೆಕ್ಕ ಹಾಕಿದೆ. ಮೂರನೆಯ ದಿನ ಫೋನು ಮಾಡಿದವರು ಈ ಸಂಪುಟದ ಸಂಪಾದಕರು. ಮುನ್ನುಡಿಯಿಂದ ಅಜ್ಜಿಯ ವಾಕ್ಯವನ್ನು ತೆಗೆಯಬೇಕೆಂದು ಮೇಷ್ಟ್ರು ಹೇಳಿದ್ದಾರಂತೆ. ಕಾರಣ ಕೇಳಿದರೆ, ಶಿಷ್ಯೆಯ ಲೇಖನ ಬರುವವರೆಗೆ ಕಾಯಿರಿ, ಹೇಳುವುದಿದ್ದರೆ ಅವಳು ಹೇಳುತ್ತಾಳೆ ಎಂದರಂತೆ. ಹೇಳಲೇಬೇಕೆಂದೇನೂ ಅನ್ನಲಿಲ್ಲವಂತೆ. ಹಕ್ಕಿಗಳನ್ನು ಹಿಡಿದು ಲೋಹದ ಉಂಗುರ ಓದೋಣವೆಂಬ ನನ್ನ ಪತ್ರಕ್ಕೆ ಅದೇ ದಿನ ಮೇಷ್ಟ್ರಿಂದ ಒಂದೇ ಸಾಲಿನ ಉತ್ತರ ಬಂತು: “ಮುದಿ ಹಕ್ಕಿ, ಬಲೆಯಲ್ಲಿ ಗಾಬರಿಗೇ ಸತ್ತೀತು. ಬೇಡ.”

ಅಂದು ಸಂಜೆ ಅವರ ಮನೆಗೆ ಹೋದೆ. ಅವರಿರಲಿಲ್ಲ, ದುರ್ಬೀನು ಹೊತ್ತು ದಿಬ್ಬದ ಕಡೆ ಹೋಗಿದ್ದರು. ಬಾಗಿಲು ತೆರೆದ ಅಕ್ಕನಿಗೆ ಏನೂ ತಿಳಿದಿರಲಿಲ್ಲ. “ಏನಾಗಿದೆ ಇವ್ರಿಗೆ? ಮೂರು ದಿನದ ಹಿಂದೆ ಮನೆಗೆ ಬಂದೋರೇ ಊಟಕ್ಕೂ ಕೂರದೆ, ‘ನನ್ನ ಕಣ್ಣು ಸರಿಯಾಗಿದೆ ಕಣೇ, ಏನೂ ಆಗಿಲ್ಲ’ ಅಂತ ಹೇಳ್ಕೊಂಡು ಮನೆತುಂಬ ಓಡಾಡಿದ್ರು. ಡಾಕ್ಟ್ರ ಹತ್ರ ಹೋಗ್ದೇನೇ ಹೇಗೆ ಗೊತ್ತಾಯ್ತು ಅಂದ್ರೆ ಹೇಳೋದೇ ಇಲ್ಲ. ನಿನಗೇನಾದ್ರೂ ಗೊತ್ತಾ?” ಎಂದು ಕೇಳಿದರು. ಬಾಗಿಲಲ್ಲಿ ನಿಂತೇ ಅತ್ತುಬಿಟ್ಟೆ. ಅಕ್ಕ, ನೀವು ಕೇಳಿದ ಪ್ರಶ್ನೆಗೆ ಉತ್ತರ ಇದು. ಪುಸ್ತಕದಲ್ಲಿ ಓದಬೇಕಾಗಿ ಬಂದದ್ದಕ್ಕೆ ನನ್ನನ್ನು ಕ್ಷಮಿಸಿ.

ದಿಬ್ಬದಲ್ಲೀಗ ಎರಡು ಗೊರವಗಳಿವೆ. ಒಂದು ಮೇಷ್ಟ್ರದು, ಇನ್ನೊಂದು ನನ್ನದು, ಯಾವುದು ಯಾರದೆಂದು ಇಬ್ಬರಿಗೂ ಗೊತ್ತಿಲ್ಲ. ನಡಿಗೆಯಲ್ಲೋ ಕೊಕ್ಕಿನ ಬಾಗಿನಲ್ಲೋ ಏನಾದರೂ ಭೇದ ಸಿಕ್ಕೀತೆಂದು ಅವರು ದಿನವೂ ಉತ್ತರದ ಗುಡಿಸಲಿಗೆ ಹೋಗಿ ಕೂರುತ್ತಿದ್ದಾರೆ. ನಿವೃತ್ತಿಯ ನಂತರವೂ ಆ ಗುಡಿಸಲಿನ ಬೀಗದ ಕೈ ಅವರಲ್ಲೇ ಇರಲೆಂದು ಇಲಾಖೆಗೆ ಬರೆದಿದ್ದೇನೆ. ಮೇಷ್ಟ್ರಿಗೆ ದೀರ್ಘಾಯುಷ್ಯವೂ ಆರೋಗ್ಯವೂ ಇರಲಿ, ಅವರ ಕೆಲಸ ಇನ್ನೂ ಬಹುಕಾಲ ಸಾಗಲಿ ಎಂದು ಮನಸಾರೆ ಹಾರೈಸುತ್ತೇನೆ. ಜೊತೆಗೆ, ಇಲಾಖೆಯ ಉಂಗುರ ವಿಭಾಗದ ಮುಖ್ಯಸ್ಥೆಯಾಗಿ, ನನ್ನ ಹೆಸರು ಮತ್ತು ಸಹಿಯ ಜವಾಬ್ದಾರಿಯ ಮೇಲೆ ಇದೊಂದನ್ನು ದಾಖಲಿಸುತ್ತೇನೆ: ಆ ದಿನಚರಿಗಳಲ್ಲಿ ‘ಕಣ್ಣು ಅನುಮಾನ’ ಎಂದಿರುವ ಪ್ರತಿಯೊಂದು ಟಿಪ್ಪಣಿಯನ್ನೂ ಅಳಿಸಿದ್ದೇನೆ. ಅವರು ಕಂಡದ್ದೆಲ್ಲ ಸರಿಯಾಗಿತ್ತು.